ಹಾಳೆಯ ಪೆಟ್ಟು, ಝಂಪೆ ತಾಳ, ಹಳೆ ಲ್ಯಾಪ್‌ಟಾಪು

(ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮೂರಿನ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ, ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವ ನನ್ನ ಹವ್ಯಾಸದ ಬಗ್ಗೆ ಆಡಿದ ಮಾತುಗಳಿವು. ಅಲ್ಲಿ ಲ್ಯಾಪ್‌ಟಾಪಿನಿಂದ ತುಣುಕುಗಳನ್ನು ಕೇಳಿಸುತ್ತ ಮಾತಾಡಿದ್ದೆ. ಬರೆಯುವಾಗ ಆ ಅನುಕೂಲ ಇಲ್ಲ. ಹಾಗಾಗಿ ಕೆಲವು ಕಡೆ ಸದ್ದನ್ನೂ ಮಾತಿನಲ್ಲೇ ಹೇಳಬೇಕಾಗಿದೆ.)

ಮೊದಲು ಒಂದು ಸದ್ದು ಕೇಳಿಸುತ್ತೇನೆ. ಇದು ಏನು ಅಂತ ಹೇಳಿ ನೋಡುವಾ.

ಚೆಂಡೆ ಅಂದರು ಒಬ್ಬರು. ಅಲ್ಲ. ಮದ್ದಳೆಯ ಎಡ? ಅದೂ ಅಲ್ಲ. ಮದುವೆಮನೆಯ ಡಿಜೆ ಬಾಕ್ಸು ಅಂದದ್ದು ಯಾರು? ನೀವು ಸ್ವಲ್ಪ ಹತ್ತಿರ ಬಂದಿರಿ. ಇದು ನಮ್ಮ ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಎರಡು ದಿನ ಬಿಸಿಲಿಗೆ ಇಟ್ಟು, ಅಂಗಳದಲ್ಲಿ ಕೂತು, ಅಂಗೈಯಲ್ಲಿ ಬಡಿದೆ. ಫೋನಿನಲ್ಲಿ ಹಿಡಿದೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಸ್ಥಾಯಿ ಕೆಳಗೆ ಇಳಿಸಿದೆ. ಅಷ್ಟೇ.

ಒಂದು ಸ್ಥಾಯಿ ಇಳಿಸಿದರೆ ಕಂಪನ ಅರ್ಧ ಆಗುತ್ತದೆ. ಸುಮ್ನೆ ನಿಧಾನ ಓಡಿಸಿ ಇಳಿಸಿದರೆ ಸದ್ದಿನ ಉದ್ದವೂ ಎರಡು ಪಟ್ಟು ಆಗುತ್ತದೆ. ಎರಡು ಸ್ಥಾಯಿ ಇಳಿಸಿದರೆ ಉದ್ದ ನಾಲ್ಕು ಪಟ್ಟು. ಹಿಂದೆ ಟೇಪ್ ರೆಕಾರ್ಡರಿನ ಸೆಲ್ಲು ಇಳಿದಾಗ ಭಾಗವತರ ಪದ ಎಳೆದೆಳೆದು ದಪ್ಪ ದನಿಯಲ್ಲಿ ಬರುತ್ತಿತ್ತಲ್ಲ, ಅದೇ ಲೆಕ್ಕ. ಆಗ ಅದನ್ನು ಹಾಳಾಯಿತು ಅನ್ನುತ್ತಿದ್ದೆವು. ಈಗ ನಾನು ಬೇಕಂತಲೇ ಮಾಡುತ್ತೇನೆ.

ಹಗಲಿಗೆ ನಾನು ವಯರಿಂಗ್ ಕೆಲಸದವ. ಇಲ್ಲಿ ಕೂತವರಲ್ಲಿ ನಾಲ್ಕೈದು ಮನೆಯ ಸ್ವಿಚ್ ಬೋರ್ಡು ನನ್ನದೇ ಕೈಯಿಂದ ಆದದ್ದು. ರಾತ್ರಿ ಊಟ ಆದಮೇಲೆ ಅಟ್ಟ ಹತ್ತಿ, ಹಳೆ ಲ್ಯಾಪ್‌ಟಾಪು ಬಿಚ್ಚಿ, ಒಂದೆರಡು ಗಂಟೆ ಸದ್ದಿನ ಜೊತೆ ಆಡುತ್ತೇನೆ. ಇದರಿಂದ ಒಂದು ರೂಪಾಯಿ ದುಡಿದಿಲ್ಲ. ಕಳೆದದ್ದು ಎಷ್ಟು ಅಂತ ಮನೆಯವಳು ಇಲ್ಲೇ ಇದ್ದಾಳೆ, ಅವಳನ್ನು ಕೇಳಬೇಡಿ.

ಕಂಪ್ಯೂಟರಿಗೆ ಹಾಳೆಯೂ ಗೊತ್ತಿಲ್ಲ, ಚೆಂಡೆಯೂ ಗೊತ್ತಿಲ್ಲ. ಗಾಳಿ ನಡುಗಿದಾಗ ಮೈಕಿನ ಒಳಗಿನ ಪೊರೆಯೂ ನಡುಗುತ್ತದೆ. ಆ ನಡುಕ ಕರೆಂಟಾಗಿ ಬರುತ್ತದೆ. ಅದನ್ನು ಯಂತ್ರ ಸೆಕೆಂಡಿಗೆ 44,100 ಸಲ ಅಳೆದು ಅಂಕಿ ಬರೆದಿಡುತ್ತದೆ. ಇದು ಸಿ.ಡಿ.ಯ ಕಾಲದಿಂದ ಬಂದ ಲೆಕ್ಕ. ಯಾಕೆ ಅಷ್ಟು? ನಮ್ಮ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನ. ಪ್ರತಿ ಕಂಪನಕ್ಕೂ ಒಂದು ಏರು, ಒಂದು ಇಳಿತ. ಎರಡನ್ನೂ ಹಿಡಿಯಬೇಕಾದರೆ ಅದರ ದುಪ್ಪಟ್ಟಿಗಿಂತ ಸ್ವಲ್ಪ ಜಾಸ್ತಿ ಸಲ ಅಳೆಯಬೇಕು. ಒಂದು ನಿಮಿಷದ ಸದ್ದಿಗೆ 26 ಲಕ್ಷದ 46 ಸಾವಿರ ಅಂಕಿ. ಎಡ ಬಲ ಎರಡು ಕಿವಿಗೆ ಬೇರೆ ಬೇರೆ ಅಂದರೆ ಅದರ ಎರಡರಷ್ಟು. ಸಹಕಾರಿ ಬ್ಯಾಂಕಿನ ಲೆಡ್ಜರು ಇದರ ಮುಂದೆ ಏನೂ ಅಲ್ಲ.

ಸದ್ದು ಅಂಕಿ ಆಯಿತು ಅಂದಮೇಲೆ ಅದನ್ನು ಏನು ಬೇಕಾದರೂ ಮಾಡಬಹುದು. ತಿರುಗಿಸಬಹುದು, ಕತ್ತರಿಸಬಹುದು, ಎಳೆಯಬಹುದು. ತೊಂದರೆ ಶುರುವಾಗುವುದೇ ಇಲ್ಲಿಂದ. ಏನು ಬೇಕಾದರೂ ಮಾಡಬಹುದು ಅಂದಾಗ ನಾವು ಎಲ್ಲವನ್ನೂ ಮಾಡಿಬಿಡುತ್ತೇವೆ.

ನನ್ನ ಮೊದಲ ರೀಮಿಕ್ಸ್ ಹಾಗೇ ಆಯಿತು. ನನ್ನ ಮಾವ ಒಬ್ಬರು ಯಕ್ಷಗಾನದ ತೆಂಕುತಿಟ್ಟಿನ ಮೇಳಗಳಲ್ಲಿ ಚೆಂಡೆ ಬಾರಿಸಿದವರು. ಅವರ ಹಳೆಯ ಕ್ಯಾಸೆಟ್ಟಿನಿಂದ ಒಂದು ಯುದ್ಧದ ಪದ ತೆಗೆದೆ. ಅದರ ಅಡಿಗೆ ನಿಮಿಷಕ್ಕೆ 128 ಪೆಟ್ಟಿನ ಡುಂ ಡುಂ ಹಾಕಿದೆ. ಮೇಲಿಂದ ಕರೆಂಟಿನಲ್ಲೇ ಸದ್ದು ಹುಟ್ಟಿಸುವ ಸಿಂಥಸೈಜರ್, ಅದರ ಮೇಲೆ ಚಪ್ಪಾಳೆ, ನಡುನಡುವೆ ಸೈರನ್. ತಮ್ಮನ ಮದುವೆಯ ಹಿಂದಿನ ರಾತ್ರಿ ಅಂಗಳದಲ್ಲಿ ಜೋರಾಗಿ ಹಾಕಿದೆವು. ಹುಡುಗರು ಕುಣಿದರು. ಕುಣಿಯುವ ಹುಡುಗರಿಗೆ ಏನು ಹಾಕಿದರೂ ಕುಣಿಯುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮಾವ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಮುಗಿದಮೇಲೆ ಹೋಗಿ ಕೇಳಿದೆ.

"ಹೇಗಾಯ್ತು ಮಾವ?"

"ಜೋಡಾಟಕ್ಕೆ ಹೋಗಿ ಎರಡು ರಂಗಸ್ಥಳದ ನಡುವೆ ನಿಂತ ಹಾಗಾಯ್ತು ಮಾರಾಯ."

ಜೋಡಾಟ ನೋಡಿದವರಿಗೆ ಇದು ಅರ್ಥ ಆಗುತ್ತದೆ. ಎರಡು ಮೇಳ, ವೇಷ ಕಟ್ಟುವ ಎರಡು ಚೌಕಿ, ಅಕ್ಕಪಕ್ಕ ಎರಡು ರಂಗಸ್ಥಳ. ಒಂದೇ ಹೊತ್ತಿಗೆ ಒಂದೇ ಪ್ರಸಂಗ. ಇವರಿಗಿಂತ ಅವರು ಜೋರು, ಅವರಿಗಿಂತ ಇವರು ಜೋರು. ನಡುವೆ ನಿಂತವನಿಗೆ ಇದೂ ಇಲ್ಲ, ಅದೂ ಇಲ್ಲ. ನನ್ನ ಡುಂ ಡುಂ ಒಂದು ಮೇಳ, ಅವರ ಚೆಂಡೆ ಇನ್ನೊಂದು ಮೇಳ. ಇಬ್ಬರಿಗೂ ಪರಿಚಯವೇ ಇರಲಿಲ್ಲ.

ಆಮೇಲೆ ನಾನು ರೀಮಿಕ್ಸ್ ಅನ್ನುವುದು ಎಲ್ಲಿಂದ ಬಂತು ಅಂತ ಓದಲು ಹೋದೆ. ಅಲ್ಲಿ ನನ್ನದೇ ಕಸುಬಿನವನೊಬ್ಬ ಸಿಕ್ಕಿದ. ಜಮೈಕಾ ದೇಶದ ಕಿಂಗ್‌ಸ್ಟನ್ ಪೇಟೆಯ ಕಿಂಗ್ ಟಬ್ಬಿ. ರೇಡಿಯೋ ರಿಪೇರಿ ಮಾಡುತ್ತಿದ್ದವ, ಆಂಪ್ಲಿಫೈಯರ್ ಕಟ್ಟುತ್ತಿದ್ದವ. ಬೀದಿಯಲ್ಲಿ ದೊಡ್ಡ ಸ್ಪೀಕರ್ ಇಟ್ಟು ಹಾಡು ಹಾಕುವ ತಂಡಗಳಿಗೆ ಬೇಕಾದ ಸಾಮಾನು ಎಲ್ಲ ಅವನ ಕೈಯಲ್ಲೇ ಆಗುತ್ತಿತ್ತು. 1960ರ ದಶಕದ ಕೊನೆಯಲ್ಲಿ, 70ರ ದಶಕದಲ್ಲಿ ಅವನೂ ಅವನ ಹಾಗಿನ ಕೆಲವರೂ ಸೇರಿ ಒಂದು ಹೊಸ ಕೆಲಸ ಶುರುಮಾಡಿದರು. ಆಗಲೇ ರೆಕಾರ್ಡ್ ಆದ ಹಾಡನ್ನು ತೆಗೆದುಕೊಂಡು, ಹಾಡುವವನ ದನಿ ಇಳಿಸಿಬಿಡುವುದು. ಬರೀ ಡ್ರಮ್ಮು, ಬೇಸು ಅಂದರೆ ಕೆಳಗಿನ ದಪ್ಪ ಸದ್ದು, ಇಷ್ಟನ್ನೇ ಉಳಿಸುವುದು. ನಡುವೆ ಎಲ್ಲೋ ದನಿಯ ಒಂದೇ ಒಂದು ಚೂರು ಬಿಟ್ಟು, ಅದಕ್ಕೆ ಮಾರ್ದನಿ ಕೊಟ್ಟು, ಮತ್ತೆ ಮುಚ್ಚುವುದು. ಅದಕ್ಕೆ ಡಬ್ ಅಂದರು. ಆಮೇಲೆ ಬಂದ ಎಲ್ಲ ರೀಮಿಕ್ಸಿನ ಒಳಗೂ ಆ ಡಬ್ ಇದೆ.

ನನಗೆ ಹೊಳೆದದ್ದು ಇದು. ಆ ಮನುಷ್ಯ ಹಾಡಿಗೆ ಹೊಸ ವಾದ್ಯ ಯಾವುದನ್ನೂ ಸೇರಿಸುತ್ತಿರಲಿಲ್ಲ. ತೆಗೆಯುತ್ತಿದ್ದ. ಮಿಕ್ಸರಿನ ಗುಂಡಿಗಳೇ ಅವನ ವಾದ್ಯ. ಇದ್ದದ್ದನ್ನು ಕೆಳಗೆ ಇಳಿಸುವುದೇ ಅವನ ನುಡಿಸಾಣಿಕೆ.

ಮನೆಗೆ ಬಂದು ನನ್ನ ರೀಮಿಕ್ಸ್ ತೆರೆದೆ. ಸೈರನ್ ಅಳಿಸಿದೆ. ಚಪ್ಪಾಳೆ ಅಳಿಸಿದೆ. ಸಿಂಥಸೈಜರಿನ ಮೂರು ಪದರ ಅಳಿಸಿದೆ. ಕೊನೆಗೆ ಡುಂ ಡುಂ ಕೂಡ ಅಳಿಸಿ ನೋಡಿದೆ. ಆಗ ಮಾವನ ಚೆಂಡೆ ಕೇಳಿಸಿತು. ಅಷ್ಟು ತಿಂಗಳು ಅದರ ಜೊತೆ ಕೆಲಸ ಮಾಡಿದ್ದೆ, ಒಮ್ಮೆಯೂ ಅದನ್ನು ಕಿವಿಗೊಟ್ಟು ಕೇಳಿರಲಿಲ್ಲ. ಅದು 128ರಲ್ಲಿ ಇರಲಿಲ್ಲ. ಯಾವ ಒಂದು ಅಂಕಿಯಲ್ಲೂ ಇರಲಿಲ್ಲ.

ಈಗ ಸ್ವಲ್ಪ ತಾಳದ ವಿಷಯ. ಇದು ಉದ್ದ ಆಗಬಹುದು. ನನಗೆ ಇದರಲ್ಲೇ ಜಾಸ್ತಿ ಖುಷಿ.

ಸಂಗೀತ ಮಾಡುವ ಯಾವ ಸಾಫ್ಟ್‌ವೇರ್ ತೆರೆದರೂ ಮೊದಲು ಕಾಣುವುದು ಚೌಕಟ್ಟು. ಲೆಕ್ಕದ ಪುಸ್ತಕದ ಹಾಗೆ ಗೆರೆ ಗೆರೆ. ನಾಲ್ಕು ಪೆಟ್ಟಿಗೆ ಒಂದು ಮನೆ, ನಿಮಿಷಕ್ಕೆ 120 ಪೆಟ್ಟು. ನೀವು ಏನೂ ಹೇಳದಿದ್ದರೆ ಹೆಚ್ಚಿನವು ಹೀಗೇ ತೆರೆದುಕೊಳ್ಳುತ್ತವೆ. ಇಂಗ್ಲಿಷ್ ಹಾಡಿಗೆ ಸರಿ, ಡಿಸ್ಕೋಗೆ ಸರಿ. ಏಕತಾಳದ ಪದ ಇದ್ದರೆ ನಮಗೂ ಸರಿ. ತ್ರಿವುಡೆ ಬಂದರೆ ಏಳು. ರೂಪಕ ಆರು. ಝಂಪೆ ಹತ್ತು. ನಾಲ್ಕರ ಮನೆಯಲ್ಲಿ ಝಂಪೆ ಕೂರಿಸಲು ಹೋದರೆ ಮೊದಲ ಸುತ್ತಿನಲ್ಲೇ ಅರ್ಧ ಮನೆ ಹೊರಗೆ.

ಇದಕ್ಕೆ ಔಷಧ ಸುಲಭ. ಮೇಲಿನ ಪಟ್ಟಿಯಲ್ಲಿ 4/4 ಅಂತ ಬರೆದದ್ದನ್ನು ಒತ್ತಿ 7/8 ಮಾಡಿ, ಇಲ್ಲ 10/8 ಮಾಡಿ. ಎರಡು ಸೆಕೆಂಡಿನ ಕೆಲಸ. ನನಗೆ ಇದು ಗೊತ್ತಾಗಲು ಒಂದು ವರ್ಷ ಬೇಕಾಯಿತು. ಯಾಕೆ ಅಂದರೆ ಯೂಟ್ಯೂಬಿನಲ್ಲಿ ಕಲಿಸುವ ಯಾರೂ ಆ ಜಾಗವನ್ನು ಒತ್ತುವುದಿಲ್ಲ. ಅವರಿಗೆ ಬೇಕಾಗುವುದೇ ಇಲ್ಲ.

ಇನ್ನೊಂದು ದಾರಿ ನನಗೆ ಇನ್ನೂ ಇಷ್ಟ. ಅಡಿಯ ಡುಂ ಡುಂ ನಾಲ್ಕರಲ್ಲೇ ಇರಲಿ. ಮೇಲೆ ಚೆಂಡೆ ಏಳರಲ್ಲಿ ಹೋಗಲಿ. ಇಬ್ಬರೂ ಒಟ್ಟಿಗೆ ಹೊರಡುತ್ತಾರೆ, ಬೇರೆಯಾಗುತ್ತಾರೆ, 28ನೆಯ ಪೆಟ್ಟು ಮುಗಿದಾಗ ಮತ್ತೆ ಒಂದೇ ಮೆಟ್ಟಿಲಲ್ಲಿ ಸಿಗುತ್ತಾರೆ. ಝಂಪೆ ಆದರೆ 20ಕ್ಕೆ ಸಿಗುತ್ತಾರೆ. ಕಾಲಿಗೆ ನೆಲ ತಪ್ಪುವುದಿಲ್ಲ, ಕಿವಿಗೆ ಪ್ರತಿ ಸುತ್ತು ಬೇರೆ. ಈಗ ಕೇಳಿಸುತ್ತೇನೆ, ತೊಡೆಯಲ್ಲಿ ಲೆಕ್ಕ ಹಾಕಿ.

(ಇಲ್ಲಿ ಸುಮಾರು ಒಂದು ನಿಮಿಷ ಕೇಳಿಸಿದೆ. ಎದುರು ಸಾಲಿನಲ್ಲಿ ಕೂತ ಹಿರಿಯರೊಬ್ಬರು ಮಾತ್ರ ಕೊನೆಯ ತನಕ ತಪ್ಪದೆ ಹಾಕಿದರು.)

ನೋಡಿ, ಅವರಿಗೆ ಬಂತು. ಅವರಿಗೆ ಚೌಕಟ್ಟು ಬೇಡ.

ಆದರೆ ತಾಳ ಏಳು, ಹತ್ತು ಅಂತ ಲೆಕ್ಕ ಹಾಕಿದರೆ ಮುಗಿಯಲಿಲ್ಲ. ಕಾಲ ಉಂಟಲ್ಲ? ಯಕ್ಷಗಾನದಲ್ಲಿ ಪದ ಶುರುವಾದ ವೇಗದಲ್ಲೇ ಮುಗಿಯುವುದು ಕಡಿಮೆ. ವೇಷಧಾರಿಯ ಕಾಲು ನೋಡಿ ಭಾಗವತರು ಏರಿಸುತ್ತಾರೆ, ಭಾಗವತರ ಜಾಗಟೆ ನೋಡಿ ಚೆಂಡೆ ಏರುತ್ತದೆ. ಮಾವನ ಆ ಕ್ಯಾಸೆಟ್ಟಿನ ಪದವನ್ನು ನಾನು ಗೆರೆ ಹಾಕಿ ಅಳೆದೆ. ನಿಮಿಷಕ್ಕೆ 92ರಲ್ಲಿ ಶುರುವಾಗಿ ನಾಲ್ಕು ನಿಮಿಷ ಆಗುವಾಗ 118ಕ್ಕೆ ಹೋಗಿತ್ತು. ನಾನು ಅದರ ಅಡಿಗೆ ಒಂದೇ ವೇಗದ ಡುಂ ಡುಂ ಹಾಕಿದ್ದೆ. ಜೋಡಾಟ ಆಗದೆ ಇನ್ನೇನು?

ಒಮ್ಮೆ ಮಾವನನ್ನೇ ಅಟ್ಟಕ್ಕೆ ಕರೆದು, ಕಿವಿಗೆ ಹೆಡ್‌ಫೋನ್ ಹಾಕಿ, ಟಿಕ್ ಟಿಕ್ ಅಂತ ಒಂದೇ ಸಮ ಕೇಳಿಸಿ, "ಇದರ ಜೊತೆ ಬಾರಿಸಿ ಮಾವ" ಅಂದೆ. ಎರಡು ಸುತ್ತು ಬಾರಿಸಿದರು. ಮೂರನೆಯದಕ್ಕೆ ಹೆಡ್‌ಫೋನ್ ತೆಗೆದು ಚಾಪೆಯ ಮೇಲೆ ಇಟ್ಟರು.

"ಇವನು ಯಾರು ಮಾರಾಯ? ಭಾಗವತನೂ ಅಲ್ಲ, ವೇಷವೂ ಅಲ್ಲ. ಯಾರನ್ನೂ ನೋಡುವುದಿಲ್ಲ, ಅವನ ಪಾಡಿಗೆ ಹೋಗ್ತಾನೆ."

ಅಂದಿನಿಂದ ನಾನು ಉಲ್ಟಾ ಮಾಡುತ್ತೇನೆ. ಅವರು ಅವರ ಹಾಗೆ ಬಾರಿಸಲಿ. ಆಮೇಲೆ ಕೂತು, ಪ್ರತಿ ಸುತ್ತಿನ ಮೊದಲ ಪೆಟ್ಟಿಗೆ ಗುರುತು ಹಾಕುತ್ತೇನೆ. ಸಾಫ್ಟ್‌ವೇರಿನ ಗೆರೆಗಳನ್ನು ಆ ಗುರುತಿಗೆ ಎಳೆಯುತ್ತೇನೆ. ಗೆರೆ ಎಲ್ಲ ಸೊಟ್ಟ ಪಟ್ಟ ಆಗುತ್ತದೆ, ಅಗಲ ಒಂದು ಕಡೆ, ಕಿರಿದು ಒಂದು ಕಡೆ. ನೋಡಲು ಚಂದ ಇಲ್ಲ. ಆದರೆ ಈಗ ನನ್ನ ಡುಂ ಡುಂ ಮಾವನ ಹಿಂದೆ ಹೋಗುತ್ತದೆ. ಅವರು ಏರಿದರೆ ಅದೂ ಏರುತ್ತದೆ. ರೀಪರ್, ಏಬಲ್ಟನ್ ಲೈವ್ ಹಾಗಿನ ಸಾಫ್ಟ್‌ವೇರುಗಳಲ್ಲಿ ಇದು ಆಗುತ್ತದೆ. ನಾಲ್ಕು ನಿಮಿಷದ ಪದಕ್ಕೆ ನನಗೆ ಎರಡು ರಾತ್ರಿ ಬೇಕು. ಅವಸರ ಏನೂ ಇಲ್ಲ, ಯಾರೂ ಕಾಯುತ್ತಿಲ್ಲ.

ಅದರ ಬದಲು ಚೆಂಡೆಯನ್ನೇ ಎಳೆದು ಗೆರೆಗೆ ಕೂರಿಸಬಾರದಾ ಅಂತ ಕೇಳಬಹುದು. ಕೂರಿಸಬಹುದು. ಕೇಳಲು ಆಗುವುದಿಲ್ಲ. ವೇಗ ಕಡಿಮೆ ಮಾಡಿ ಶ್ರುತಿ ಹಾಗೇ ಉಳಿಸಬೇಕಾದರೆ ಯಂತ್ರ ಸದ್ದನ್ನು ಸಣ್ಣ ಸಣ್ಣ ಚೂರು ಮಾಡಿ, ಕೆಲವು ಚೂರನ್ನು ಎರಡೆರಡು ಸಲ ಇಡುತ್ತದೆ. ಕೊಳಲಿಗೆ, ದನಿಗೆ ಅದು ಅಷ್ಟು ಗೊತ್ತಾಗದು. ಚೆಂಡೆಯ ಪೆಟ್ಟಿನ ಮೊನೆ ಇರುವುದೇ ಕೆಲವೇ ಮಿಲಿ ಸೆಕೆಂಡು. ಅದನ್ನು ಎರಡು ಸಲ ಇಟ್ಟರೆ ಚರ್ಮದ ಮೇಲೆ ಬಿದ್ದ ಕೋಲು ಸೆಗಣಿ ಮುದ್ದೆಯ ಮೇಲೆ ಬಿದ್ದ ಹಾಗೆ. ತೀರ ಬೇಕಾದರೆ ಒಂದೊಂದು ಪೆಟ್ಟನ್ನು ಬೇರೆ ಬೇರೆ ಕತ್ತರಿಸಿ, ಎಳೆಯದೆ, ಜಾಗ ಮಾತ್ರ ಬದಲಿಸಿ.

ಮಾರ್ದನಿಗೂ ಒಂದು ಲೆಕ್ಕ ಉಂಟು, ಮರೆಯುವ ಮೊದಲು ಹೇಳುತ್ತೇನೆ. 60,000ವನ್ನು ನಿಮಿಷದ ಪೆಟ್ಟಿನಿಂದ ಭಾಗಿಸಿ. ಬರುವುದು ಒಂದು ಪೆಟ್ಟಿಗೆ ಎಷ್ಟು ಮಿಲಿ ಸೆಕೆಂಡು ಅಂತ. 120 ಆದರೆ 500. 96 ಆದರೆ 625. ಮಾರ್ದನಿಯನ್ನು ಅಲ್ಲಿಗೆ ಇಟ್ಟರೆ ತಾಳದ ಮೇಲೆ ಬೀಳುತ್ತದೆ, ಅದರ ಮುಕ್ಕಾಲಿಗೆ ಇಟ್ಟರೆ ತಾಳದ ಸಂದಿಯಲ್ಲಿ ಬೀಳುತ್ತದೆ. ನಾನು ಸಂದಿಯವನು.

ಸಾಮಾನು ಏನೇನು ಬೇಕು? ಎಲ್ಲರೂ ಕೇಳುವ ಪ್ರಶ್ನೆ, ಇದಕ್ಕೆ ಜಾಸ್ತಿ ಹೊತ್ತು ಬೇಡ. ಒಂದು ಲ್ಯಾಪ್‌ಟಾಪು, ಹತ್ತು ವರ್ಷ ಹಳೆಯದಾದರೂ ಸಾಕು. ಕಿವಿ ಪೂರ ಮುಚ್ಚುವ ಒಂದು ಹೆಡ್‌ಫೋನು, ಬ್ಲೂಟೂತ್ ಬೇಡ, ವಯರಿನದ್ದು. ಬ್ಲೂಟೂತಿನಲ್ಲಿ ಸದ್ದು ತಡವಾಗಿ ಬರುತ್ತದೆ, ನೀವು ಒತ್ತಿದ್ದು ಈಗ, ಕೇಳಿಸುವುದು ಆಮೇಲೆ. ರೆಕಾರ್ಡ್ ಮಾಡಲು ಫೋನು. ಕತ್ತರಿಸಲು ಜೋಡಿಸಲು ಅಡಾಸಿಟಿ, ಅದು ಉಚಿತ. ಪೂರ್ತಿ ಸಂಗೀತ ಕಟ್ಟಲು ಎಲ್‌ಎಂಎಂಎಸ್, ಅದೂ ಉಚಿತ. ರೀಪರ್ 60 ದಿನ ಪೂರ್ತಿಯಾಗಿ ಉಪಯೋಗಿಸಿ ನೋಡಬಹುದು, ಆಮೇಲೆ ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. ಕದ್ದ ಸಾಫ್ಟ್‌ವೇರ್ ಹಾಕಬೇಡಿ. ಬುದ್ಧಿವಾದ ಅಲ್ಲ ಇದು. ನಾನು ಹಾಕಿದ್ದೆ. ಒಂದು ವಾರದಲ್ಲಿ ಲ್ಯಾಪ್‌ಟಾಪಿನ ಫೈಲು ಎಲ್ಲ ಬೀಗ ಬಿದ್ದು, ಮಗಳು ತೊಟ್ಟಿಲಲ್ಲಿದ್ದಾಗಿನ ಫೋಟೋಗಳೂ ಹೋದವು. ಆ ವಿಷಯ ಮನೆಯಲ್ಲಿ ಈಗಲೂ ಎತ್ತುವುದಿಲ್ಲ.

ಮಿಡಿ ಅನ್ನುವ ಮಾತು ಎಲ್ಲ ಕಡೆ ಸಿಗುತ್ತದೆ. 1983ರಲ್ಲಿ ಬೇರೆ ಬೇರೆ ಕಂಪನಿಯ ಕೀಬೋರ್ಡುಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯಲಿ ಅಂತ ಮಾಡಿಕೊಂಡ ಒಪ್ಪಂದ ಅದು. ಅದರೊಳಗೆ ಸದ್ದು ಇಲ್ಲ. ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು, ಇಷ್ಟೇ. ಜೋರು ಎಷ್ಟು ಅನ್ನುವುದಕ್ಕೆ 0ಯಿಂದ 127ರ ತನಕ ಅಂಕಿ. ಪ್ರಸಂಗದ ಪುಸ್ತಕ ಇದ್ದ ಹಾಗೆ. ಪುಸ್ತಕದಲ್ಲಿ ರಾಗದ ಹೆಸರು, ತಾಳದ ಹೆಸರು, ಪದ ಎಲ್ಲ ಇರುತ್ತದೆ. ಅದೇ ಪುಸ್ತಕ ಹಿಡಿದು ಇಬ್ಬರು ಭಾಗವತರು ಹಾಡಿದರೆ ಎರಡು ಬೇರೆ ಆಟ. ಹಾರ್ಮೋನಿಯಂನ ನಡು ಸ್ಥಾಯಿಯ ಬಿಳಿ ಒಂದಕ್ಕೆ ಮಿಡಿಯಲ್ಲಿ 60 ಅಂತ ಅಂಕಿ, ಕಪ್ಪು ಒಂದಕ್ಕೆ 61. ನಮ್ಮ ಭಾಗವತರು ಕಪ್ಪು ಎರಡು, ಕಪ್ಪು ಮೂರು ಅಂತ ಶ್ರುತಿ ಹೇಳಿದ ಕೂಡಲೇ ಅಂಕಿ ಗೊತ್ತಾಗುತ್ತದೆ.

ಈ ಯಂತ್ರಗಳೆಲ್ಲ ಹೊರಗಿನದ್ದು, ನಮಗೇಕೆ ಅನ್ನುವವರು ಇದ್ದಾರೆ. ಅವರಿಗೆ ಎರಡು ವಿಷಯ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಕಂಪನಿಯ ಸಿಂಥಸೈಜರ್ ಇಟ್ಟು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಶುರುವಾಗಿತ್ತು. ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಅನ್ನುವವರು ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದವರು. 1982ರಲ್ಲಿ ಅವರು ರೋಲಂಡ್ ಕಂಪನಿಯ ಮೂರು ಯಂತ್ರ ಜೋಡಿಸಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ರೆಕಾರ್ಡ್ ತಂದರು. ಅದು ಓಡಲಿಲ್ಲ. ಆ ಮೂರರಲ್ಲಿ ಎರಡು ಯಂತ್ರ, ಡ್ರಮ್ಮಿನ ಸದ್ದಿನ 808 ಮತ್ತು ಬೇಸಿನ ಸದ್ದಿನ 303. ತಯಾರಿಸಿದ ಕಂಪನಿಗೂ ಅವು ಓಡಲಿಲ್ಲ, ಕೆಲವೇ ವರ್ಷಗಳಲ್ಲಿ ಮಾಡುವುದನ್ನೇ ನಿಲ್ಲಿಸಿದರು. 303ಯನ್ನು ಮಾಡಿದ್ದು ಗಿಟಾರ್ ನುಡಿಸುವವರಿಗೆ ಬೇಸಿನ ಜೊತೆ ಸಿಗಲಿ ಅಂತ. ಆ ಕೆಲಸಕ್ಕೆ ಅದು ಬರಲಿಲ್ಲ. ಶಿಕಾಗೋದ ಹುಡುಗರು ಸೆಕೆಂಡ್ ಹ್ಯಾಂಡಿನಲ್ಲಿ ಕಡಿಮೆ ದುಡ್ಡಿಗೆ ಅದನ್ನು ತೆಗೆದುಕೊಂಡು, ಗುಂಡಿ ತಿರುಗಿಸಿ ತಿರುಗಿಸಿ, ಆಸಿಡ್ ಹೌಸ್ ಅನ್ನುವ ಹೊಸ ಸಂಗೀತ ಮಾಡಿದರು. ಅದಕ್ಕೂ ಕೆಲವು ವರ್ಷ ಮೊದಲೇ ಅದೇ ಯಂತ್ರದಲ್ಲಿ ಮುಂಬೈಯವರೊಬ್ಬರು ಹತ್ತಿರ ಹತ್ತಿರ ಅದೇ ಸದ್ದು ಮಾಡಿಟ್ಟಿದ್ದರು ಅಂತ ಜಗತ್ತಿಗೆ ಗೊತ್ತಾಗಲು ಎರಡು ದಶಕ ದಾಟಬೇಕಾಯಿತು. 2010ರಲ್ಲಿ ಆ ರೆಕಾರ್ಡ್ ಮತ್ತೆ ಬಂತು.

ಈಗ ನನ್ನ ಕಸುಬಿನ ಮಾತು. ರೆಕಾರ್ಡಿಂಗಿನಲ್ಲಿ ಸಣ್ಣಗೆ ಗುಂಯ್ ಅಂತ ಕೇಳಿಸುತ್ತದೆ ಅಲ್ವಾ? ಅದು ಕರೆಂಟಿನ ದನಿ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಕೆಳಗಿನ ಬಿಳಿ ಐದಕ್ಕಿಂತ ಸ್ವಲ್ಪ ಮೇಲೆ. ಇಡೀ ಊರು ಒಂದೇ ಶ್ರುತಿಯಲ್ಲಿ ಇದೆ ಅಂತ ಬೇಕಾದರೆ ಹೇಳಬಹುದು. ರೆಕಾರ್ಡ್ ಮಾಡುವಾಗ ಚಾರ್ಜರ್ ತೆಗೆದು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ಹೆಚ್ಚಿನ ಗುಂಯ್ ಅಲ್ಲಿಗೇ ಹೋಗುತ್ತದೆ. ಹಳೆಯ ಇನ್ವರ್ಟರಿನಲ್ಲಿ ಓಡಿಸಬೇಡಿ. ಅದರ ಅಲೆ ಚೌಕಾಕಾರ, 50ರ ಜೊತೆ ಅದರ ಮಕ್ಕಳು ಮೊಮ್ಮಕ್ಕಳು ಎಲ್ಲ ಬರುತ್ತಾರೆ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ನು ಮುರಿಯುವವರನ್ನು ನೋಡಿದ್ದೇನೆ. ಗುಂಯ್ ಹೋಗಬಹುದು, ಒಂದು ದಿನ ನೀವೂ ಹೋಗಬಹುದು. ಇಷ್ಟು ಹೇಳದಿದ್ದರೆ ನನ್ನ ಲೈಸೆನ್ಸಿಗೆ ಮರ್ಯಾದೆ ಇಲ್ಲ. ಗುಡುಗು ಶುರುವಾದರೆ ಎಲ್ಲ ವಯರು ಕಿತ್ತಿಡಿ. ನಮ್ಮ ಕಡೆಯ ತುಲಾ ತಿಂಗಳ ಸಿಡಿಲಿಗೆ ಯಾವ ಯಂತ್ರವೂ ಲೆಕ್ಕಕ್ಕಿಲ್ಲ.

ಕೋಣೆಯ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ಒಂದು ಮೂಢನಂಬಿಕೆ. ತೆಳು ರಟ್ಟು, ಅದು ಸದ್ದನ್ನು ತಡೆಯುವುದಿಲ್ಲ. ದಪ್ಪಗೆ ಮೆತ್ತಗೆ ಇರುವುದು ಬೇಕು. ನನ್ನ ಅಟ್ಟದಲ್ಲಿ ಎರಡು ಬದಿಗೆ ಅಡಿಕೆ ಗೋಣಿ, ಹಿಂದೆ ಹಳೆ ಹಾಸಿಗೆ. ಡಿಸೆಂಬರಿನಿಂದ ಮಾರ್ಚಿನ ತನಕ ಅಲ್ಲಿ ಒಳ್ಳೆ ಸ್ಟುಡಿಯೋ. ಅಪ್ಪ ಅಡಿಕೆ ಮಾರಿದ ಮರುದಿನ ಕೋಣೆ ಬಚ್ಚಲಿನ ಹಾಗೆ ಮೊಳಗುತ್ತದೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ನನ್ನ ರೆಕಾರ್ಡಿಂಗು ಕೆಟ್ಟದು.

ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಏನೂ ಹಿಡಿಯಲು ಆಗುವುದಿಲ್ಲ. ಮೊದಲೆರಡು ವರ್ಷ ಮಳೆಗೆ ಬೈದೆ. ಆಮೇಲೆ ಮಳೆಯನ್ನೇ ಹಿಡಿದೆ. ಶೀಟಿನ ಮೇಲಿನ ಜಡಿಮಳೆಯಲ್ಲಿ ಕೆಳಗಿನ ಸದ್ದಿನಿಂದ ಮೇಲಿನ ಸದ್ದಿನ ತನಕ ಎಲ್ಲವೂ ಒಟ್ಟಿಗೆ ಇರುತ್ತದೆ. ಸಿಂಥಸೈಜರಿನಲ್ಲಿ ಇದನ್ನು ನಾಯ್ಸ್ ಅನ್ನುತ್ತಾರೆ. ಅದನ್ನು ಸಣ್ಣಗೆ ಕತ್ತರಿಸಿ ತಾಳಕ್ಕೆ ಇಟ್ಟರೆ ಆಟದಲ್ಲಿ ಬಡಿಯುವ ದೊಡ್ಡ ತಾಳ ಚಕ್ರತಾಳದ ಅಣ್ಣನ ಹಾಗೆ ಕೇಳುತ್ತದೆ. ಬೇಸಗೆಯಲ್ಲಿ ತೋಟಕ್ಕೆ ನೀರು ಬಿಡುವಾಗ ಸ್ಪ್ರಿಂಕ್ಲರ್ ಚಿಕ್ ಚಿಕ್ ಚಿಕ್ ಅಂತ ಹೋಗಿ, ಟರ್ರ್ ಅಂತ ಹಿಂದೆ ಬರುತ್ತದಲ್ಲ? ಅದು ನನ್ನ ಇತ್ತೀಚಿನ ಪ್ರೀತಿ. ನೀರಿನ ಒತ್ತಡ ಕಡಿಮೆ ಆದಾಗ ಅದೂ ವಿಳಂಬಕ್ಕೆ ಇಳಿಯುತ್ತದೆ.

ಮಾಡಿದ್ದು ಸರಿಯಾಗಿದೆಯಾ ಅಂತ ಹೇಗೆ ಗೊತ್ತಾಗುತ್ತದೆ? ಹೆಡ್‌ಫೋನಿನಲ್ಲಿ ಎಲ್ಲವೂ ಚಂದ. ನಾನು ಒಬ್ಬ ಸ್ನೇಹಿತನ ಆಟೋದಲ್ಲಿ ಕೇಳುತ್ತೇನೆ. ನೀರ್ಚಾಲಿನಿಂದ ಕುಂಬಳೆಯ ತನಕ, ಹಿಂದಿನ ಸೀಟಿನಲ್ಲಿ. ಎಂಜಿನಿನ ಗಡಗಡದ ನಡುವೆ ಏನು ಉಳಿಯುತ್ತದೆಯೋ ಅದು ಹಾಡು. ಬೇಸು ಎಂಜಿನಿನಲ್ಲಿ ಮುಳುಗಿ ಹೋಗುತ್ತದೆ. ಆಮೇಲೆ ಫೋನಿನ ಸ್ಪೀಕರ್. ಅದರಲ್ಲಿ ಕೆಳಗಿನ ಸದ್ದು ಬರುವುದೇ ಇಲ್ಲ, ನನ್ನ ಹಾಳೆಯ ಪೆಟ್ಟು ಮಾಯ. ಅದಕ್ಕೆ ಆ ಪೆಟ್ಟಿಗೆ ಸ್ವಲ್ಪ ಒಡಕು ಕೊಟ್ಟು ಮೇಲಿನ ಸದ್ದು ಹುಟ್ಟಿಸಬೇಕು. ಆಗ ಸಣ್ಣ ಸ್ಪೀಕರಿನಲ್ಲೂ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ. ಎಲ್ಲರಿಗಿಂತ ಜೋರು ಮಾಡಬೇಕು ಅನ್ನುವ ಹುಚ್ಚು ಬಿಡಿ. ಯೂಟ್ಯೂಬು, ಸ್ಪಾಟಿಫೈ ಎರಡೂ ಜೋರಾಗಿ ಕೊಟ್ಟದ್ದನ್ನು ಒಂದು ಮಟ್ಟಕ್ಕೆ ಇಳಿಸಿಯೇ ಕೇಳಿಸುತ್ತವೆ. ಸದ್ದಿನ ಜೋರು ಅಳೆಯುವ ಎಲ್‌ಯುಎಫ್‌ಎಸ್ ಅನ್ನುವ ಮಾಪನದಲ್ಲಿ ಮೈನಸ್ 14ರ ಆಸುಪಾಸು.

ಬೇರೆಯವರ ಹಾಡು ತೆಗೆದುಕೊಳ್ಳುವ ಮೊದಲು ಕಾಯ್ದೆ ಸ್ವಲ್ಪ ಗೊತ್ತಿರಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಒಂದು ರೆಕಾರ್ಡಿಂಗಿನ ಹಕ್ಕು ಅದು ಹೊರಬಂದ ಮರುವರ್ಷದಿಂದ 60 ವರ್ಷ. ಬರೆದವರ, ರಾಗ ಹಾಕಿದವರ ಹಕ್ಕು ಅವರು ಇರುವ ತನಕ, ತೀರಿದ ಮೇಲೆ ಮತ್ತೆ 60 ವರ್ಷ. ಹಾಡಿದ, ಬಾರಿಸಿದ ಕಲಾವಿದರಿಗೂ 50 ವರ್ಷದ ಹಕ್ಕು ಇದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಕುಂಬಳೆಯ ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳಿಗೆ ಈಗ ಯಾರ ಹಕ್ಕೂ ಇಲ್ಲ, ಅವು ನಮ್ಮೆಲ್ಲರದು. ಆದರೆ ಆ ಪದವನ್ನು ಹೋದ ವರ್ಷದ ಆಟದಲ್ಲಿ ಹಾಡಿದ ಭಾಗವತರ ದನಿ ಅವರದ್ದು. ಹೋಗಿ ಕೇಳಿ. ನಾನು ಕೇಳಿದವರಲ್ಲಿ ಇಬ್ಬರು ಬೇಡ ಅಂದರು, ಉಳಿದವರು ಚಹಾ ಕೊಟ್ಟು ಹಾಡಿಯೇ ಕಳಿಸಿದರು.

ಕಾಯ್ದೆಗೆ ಸಿಗದ್ದು ಒಂದು ಇದೆ. ಕೋಲದ ಸದ್ದು, ತೆಯ್ಯದ ಸದ್ದು, ಪಾಡ್ದನದಲ್ಲಿ ದೈವದ ಹುಟ್ಟು ಹೇಳುವ ಭಾಗ. ಇದನ್ನು ಹಾಕಿ ರೀಮಿಕ್ಸ್ ಮಾಡಿಕೊಡು ಅಂತ ಹುಡುಗರು ಬರುತ್ತಾರೆ. ಭಯಂಕರ ಸದ್ದು, ಒಪ್ಪುತ್ತೇನೆ. ನಾನು ಮಾಡುವುದಿಲ್ಲ. ಗದ್ದೆ ನೆಡುವಾಗಿನ ಓಬೇಲೆ ಹಾಡು ಕೊಡಿ, ಖುಷಿಯಿಂದ ಮಾಡುತ್ತೇನೆ. ಅಜ್ಜಿಯ ಎದುರು ಕೂತು ಕೇಳಿಸಲು ಆಗದ್ದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನಿಮಗೆ ಬೇರೆ ಅನಿಸಿದರೆ ನನ್ನ ಅಡ್ಡಿ ಇಲ್ಲ, ನನ್ನ ಹೆಸರು ಹಾಕಬೇಡಿ.

ಮಾವನ ಪದ ಏನಾಯಿತು ಅಂತ ಕೇಳುತ್ತಿದ್ದೀರಿ. ಹತ್ತನೆಯದೋ ಹನ್ನೊಂದನೆಯದೋ ರೂಪ ಈಗ ಇರುವುದು. ಒಟ್ಟು ನಾಲ್ಕೇ ಸದ್ದು. ಚೆಂಡೆ, ಭಾಗವತರ ದನಿಯ ಒಂದು ಸಾಲು, ಹಾಳೆ, ಮಳೆ. ನಡುವೆ ಒಂದು ಕಡೆ ಎರಡು ಸುತ್ತು ಚೆಂಡೆಯನ್ನು ಪೂರ ತೆಗೆದು, ಅದರ ಕೊನೆಯ ಪೆಟ್ಟಿನ ಮಾರ್ದನಿ ಮಾತ್ರ ಬಿಟ್ಟಿದ್ದೇನೆ. ಹೋದ ವಿಷುವಿಗೆ ಮಾವನಿಗೆ ಕೇಳಿಸಿದೆ. ಆ ಜಾಗ ಬಂದಾಗ ಅವರ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ಆಡಿತು. ನಾನು ತೆಗೆದ ಪೆಟ್ಟುಗಳನ್ನು ಅವರು ಅಲ್ಲಿ ಬಾರಿಸುತ್ತಿದ್ದರು. ಮುಗಿದಮೇಲೆ ಏನೂ ಹೇಳಲಿಲ್ಲ. "ಇನ್ನೊಮ್ಮೆ ಹಾಕು" ಅಂದರು.

(ಆಮೇಲೆ ಪ್ರಶ್ನೆಗಳು ಬಂದವು. ನೆನಪಿದ್ದ ಎರಡನ್ನು ಇಲ್ಲಿ ಬರೆಯುತ್ತೇನೆ. ಲ್ಯಾಪ್‌ಟಾಪು ಇಲ್ಲದವರು ಏನು ಮಾಡುವುದು ಅಂತ ಒಬ್ಬ ಹುಡುಗ ಕೇಳಿದ. ಬ್ಯಾಂಡ್‌ಲ್ಯಾಬ್ ಹಾಗಿನ ಆಪ್ ಫೋನಿನಲ್ಲೇ ಸಿಗುತ್ತದೆ, ಕಲಿಯಲು ಅಷ್ಟು ಸಾಕು ಅಂದೆ. ಹಾಳೆ ಬಡಿದರೆ ಫೋನಿನಲ್ಲಿ ಸದ್ದು ಒಡೆದು ಬರುತ್ತದೆ, ಯಾಕೆ ಅಂತ ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು. ಆಗಲೇ ಮಾಡಿ ನೋಡಿದ್ದಳು ಅಂತ ಕಾಣುತ್ತದೆ. ಫೋನು ಮಾತು ಹಿಡಿಯಲು ಮಾಡಿದ್ದು, ಜೋರು ಪೆಟ್ಟು ಬಿದ್ದರೆ ಅಂಕಿಗೆ ಮೇಲೆ ಹೋಗಲು ಜಾಗ ಇರುವುದಿಲ್ಲ, ತುದಿ ಚಪ್ಪಟೆ ಆಗುತ್ತದೆ. ನಾಲ್ಕು ಮಾರು ದೂರ ಇಡು ಅಂದೆ. ಸ್ನೇಹಿತರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸು, ಇಲ್ಲದಿದ್ದರೆ ಅದು ಹಿಂಡಿ ಸಣ್ಣ ಮಾಡೀತು ಅಂತಲೂ ಹೇಳಿದೆ.

ಚಹಾ ಕುಡಿದು, ನಾನು ವಯರು ಸುತ್ತುತ್ತಿದ್ದೆ. ವಾಚನಾಲಯದ ಹಿಂದೆ ತೋಟ. ಅಲ್ಲಿಂದ ದಬ್ ದಬ್ ಅಂತ ಕೇಳಿಸಿತು. ಕಿಟಕಿಯಿಂದ ನೋಡಿದರೆ ಇಬ್ಬರು ಹುಡುಗರು ಹಾಳೆ ಹಿಡಿದು ಬಡಿಯುತ್ತಿದ್ದರು. ಆ ಹುಡುಗಿ ಫೋನು ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಹೋಗುತ್ತಿದ್ದಳು. "ಸಾಕು, ಇನ್ನು ಹಿಂದೆ ಕೆರೆ ಉಂಟು" ಅಂತ ಒಬ್ಬ ಕೂಗಿದ. ಅದೂ ರೆಕಾರ್ಡ್ ಆಗಿರಬೇಕು.)